ನೇರ ಪ್ರಸಾರವೂ ಪೇಟೆಂಟಿನ ಚಕ್ಕುಬಂದಿಯೂ

ಕನ್ನಡ ಸಂಘಗಳ ಕಾರ್ಯಕ್ರಮಗಳನ್ನು ಈಗ ಸಭಾಗೃಹದಲ್ಲಿ ಕುಳಿತವರು ಮಾತ್ರ ನೋಡುವುದಿಲ್ಲ. ರಾಜ್ಯೋತ್ಸವದ ಭಾಷಣ, ದಾಸವಾಣಿ, ಇರುಳಿನ ಯಕ್ಷಗಾನ ಇವೆಲ್ಲವೂ ಒಂದು ಮೊಬೈಲಿನ ಮೂಲಕ ಅದೇ ಗಳಿಗೆಯಲ್ಲಿ ಡೊಂಬಿವಲಿಯ ಚಾಳಿಗೂ, ಕುಂದಾಪುರದ ಹಳ್ಳಿಮನೆಗೂ, ಮಸ್ಕತ್ತಿನಲ್ಲಿ ದುಡಿಯುವ ನಮ್ಮ ಹುಡುಗರ ಕೋಣೆಗೂ ಮುಟ್ಟುತ್ತವೆ. ನಾಲ್ಕು ಮಾಳಿಗೆ ಇಳಿಯಲಾರದ ವೃದ್ಧರಿಗೆ, ಎರಡನೆಯ ಪಾಳಿಗೆ ಹೋದ ಕೆಲಸಗಾರನಿಗೆ, ಕಲ್ಯಾಣದ ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಇದು ದೊಡ್ಡ ಉಪಕಾರ. ಸಭಾಗೃಹದಲ್ಲಿ ಇನ್ನೂರು ಜನ ಇದ್ದರೆ, ಹೊರಗೆ ಕುಳಿತು ನೋಡುವವರು ಅದಕ್ಕಿಂತ ಹೆಚ್ಚು ಇರುವುದುಂಟು.

ಇತ್ತೀಚೆಗೆ ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಒಂದು ಅಂಜಿಕೆ ಹುಟ್ಟಿದೆ. “ನೇರ ಪ್ರಸಾರದ ವಿಧಾನಕ್ಕೆ ಯಾರೋ ಪೇಟೆಂಟ್ ಮಾಡಿಸಿಕೊಂಡಿದ್ದಾರಂತೆ, ಮನೆಯಲ್ಲಿ ಕುಳಿತು ನೋಡಿದವನ ಮೇಲೂ ದಾವೆ ಬರುವುದೆ?” ಎಂದು ಒಬ್ಬರು ಕೇಳುತ್ತಾರೆ. “ಸಂಘಕ್ಕೆ ಈ ಉಸಾಬರಿ ಏಕೆ? ಪ್ರಸಾರ ನಿಲ್ಲಿಸಿಬಿಡೋಣ” ಎಂದು ಇನ್ನೊಬ್ಬರು. ಇಂಜಿನಿಯರಿಂಗ್ ಓದಿದ ತರುಣರಿಬ್ಬರು, “ನಾವೇ ಸಂಘಗಳಿಗಾಗಿ ಒಂದು ಪ್ರಸಾರದ ಆ್ಯಪ್ ಕಟ್ಟಬೇಕೆಂದಿದ್ದೇವೆ, ನಮ್ಮ ಗತಿ ಏನು?” ಎನ್ನುತ್ತಾರೆ. ನೋಡುವವನು, ಪ್ರಸಾರ ಮಾಡುವ ಸಂಘ, ಆ್ಯಪ್ ಕಟ್ಟುವವನು ಈ ಮೂವರ ಪ್ರಶ್ನೆ ಒಂದೇ ತೆರನಾಗಿ ಕಂಡರೂ ಉತ್ತರ ಒಂದೇ ಅಲ್ಲ. ನಾನು ವಕೀಲನಲ್ಲ, ಗಿರಣಿಯ ಗುಮಾಸ್ತ. ಆದರೆ ಕಾಗದಪತ್ರ ಓದುವ ಅಭ್ಯಾಸವುಳ್ಳವನು. ಓದಿ ತಿಳಿದದ್ದನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ಸಾದರಪಡಿಸುತ್ತೇನೆ.

ಪೇಟೆಂಟ್ ಎಂದರೇನು?

ಪೇಟೆಂಟ್ ಎಂಬ ಶಬ್ದದ ಮೂಲಾರ್ಥ “ತೆರೆದದ್ದು” ಎಂದು. ಹಿಂದೆ ಇಂಗ್ಲೆಂಡಿನ ದೊರೆ ಮುಚ್ಚದೆ, ಎಲ್ಲರೂ ಓದಲೆಂದು ಕೊಡುತ್ತಿದ್ದ ಸನ್ನದಿಗೆ ಆ ಹೆಸರಿತ್ತು. ಇಂದಿಗೂ ಪೇಟೆಂಟಿನ ತಿರುಳು ಅದೇ. ಹೊಸ ಉಪಾಯವೊಂದನ್ನು ಕಂಡುಹಿಡಿದವನು ಅದನ್ನು ಗುಟ್ಟಾಗಿಡದೆ ಸರಕಾರದ ಕಚೇರಿಯಲ್ಲಿ ವಿವರವಾಗಿ ಬರೆದುಕೊಡುತ್ತಾನೆ; ಅದಕ್ಕೆ ಪ್ರತಿಯಾಗಿ ಕೆಲವು ವರ್ಷ ಅದನ್ನು ಅವನ ಅಪ್ಪಣೆಯಿಲ್ಲದೆ ಬೇರೆಯವರು ಮಾಡಬಾರದು, ಬಳಸಬಾರದು, ಮಾರಬಾರದು ಎಂಬ ಹಕ್ಕು ಅವನಿಗೆ ದೊರೆಯುತ್ತದೆ. ನಮ್ಮ ದೇಶದಲ್ಲಿ ಈ ಅವಧಿ ಅರ್ಜಿ ಕೊಟ್ಟ ದಿನದಿಂದ ೨೦ ವರ್ಷ. ಅವಧಿ ತೀರಿತೆಂದರೆ, ಇಲ್ಲವೆ ನವೀಕರಣದ ಶುಲ್ಕ ಕಟ್ಟದೆ ಬಿಟ್ಟರೆ, ಆ ಉಪಾಯ ಊರಬಾವಿಯ ನೀರಿನಂತೆ ಎಲ್ಲರದೂ ಆಗುತ್ತದೆ.

ಹಿಂದುಸ್ಥಾನಕ್ಕೆ ಇದು ಹೊಸತಲ್ಲ. ೧೮೫೬ರಲ್ಲಿಯೇ ಇಲ್ಲಿ ಇಂಥ ಕಾಯಿದೆ ಬಂತು. ಮೊದಲ ಅರ್ಜಿ ಕಲಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬವರದು. ಅವರು ಕೇಳಿದ್ದು ಪಂಖಾ ಎಳೆಯುವ ಯಂತ್ರಕ್ಕೆ. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು ೧೯೫೯ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ ೧೯೭೦ರ ಪೇಟೆಂಟ್ ಕಾಯಿದೆ ರೂಪುಗೊಂಡು ೧೯೭೨ರಲ್ಲಿ ಜಾರಿಗೆ ಬಂತು. ಹಲವು ತಿದ್ದುಪಡಿಗಳೊಡನೆ ಅದೇ ಕಾಯಿದೆ ಇಂದೂ ನಡೆಯುತ್ತಿದೆ.

ಪೇಟೆಂಟಿನ ಜಗಳಗಳೂ ಗಿರಣಿಯಷ್ಟೇ ಹಳೆಯವು. ೧೭೩೩ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬವನು ಮಗ್ಗದ ಹಾರುವ ಲಾಳಿಗೆ ಪೇಟೆಂಟ್ ಪಡೆದನು. ಬಟ್ಟೆ ನೇಯಿಸುವ ಧಣಿಗಳು ಲಾಳಿಯನ್ನು ಬಳಸಿದರು, ಹಣ ಕೊಡಲಿಲ್ಲ; ಬದಲಾಗಿ ತಮ್ಮೊಳಗೆ ಒಂದು ಕೂಟ ಕಟ್ಟಿ, ಯಾರ ಮೇಲೆ ದಾವೆ ಬಂದರೂ ಖರ್ಚನ್ನು ಹಂಚಿಕೊಂಡರು. ಕೇ ದಾವೆ ಹಾಕಿ ಹಾಕಿಯೇ ಹಣ್ಣಾಗಿ ಫ್ರಾನ್ಸಿಗೆ ಹೋದನು. ಇದಕ್ಕೆ ತಿರುಗಾಮುರುಗಾ ನಡೆದದ್ದು ಆರ್ಕ್‌ರೈಟ್ ಎಂಬ ಗಿರಣಿ ಧಣಿಯ ಕಥೆ. ಹತ್ತಿ ಹಿಂಜುವ ಯಂತ್ರಗಳಿಗೆ ಅವನು ೧೭೭೫ರಲ್ಲಿ ಪಡೆದ ಪೇಟೆಂಟನ್ನು ೧೭೮೫ರಲ್ಲಿ ನ್ಯಾಯಾಲಯ ರದ್ದುಮಾಡಿತು; ಅವನು ಬರೆದುಕೊಟ್ಟ ವಿವರ ಬೇಕೆಂದೇ ಮಸಕಾಗಿತ್ತೆಂಬುದು ಒಂದು ಮುಖ್ಯ ಆಕ್ಷೇಪ. ನಿಜವಾದ ಶೋಧಕನಿಗೆ ಅನ್ಯಾಯವಾಗುವುದೂ ಉಂಟು, ಟೊಳ್ಳು ಪೇಟೆಂಟಿನಿಂದ ಉಳಿದವರಿಗೆ ಅನ್ಯಾಯವಾಗುವುದೂ ಉಂಟು. ಇವೆರಡನ್ನೂ ನೆನಪಿನಲ್ಲಿಟ್ಟು ಮುಂದೆ ಓದಬೇಕು.

ಕೃತಿಸ್ವಾಮ್ಯ ಬೇರೆ, ಪೇಟೆಂಟ್ ಬೇರೆ

ನಮ್ಮವರು ಹೆಚ್ಚಾಗಿ ಬೆರಸಿಬಿಡುವ ಎರಡು ಸಂಗತಿಗಳನ್ನು ಮೊದಲು ಬೇರ್ಪಡಿಸಿಕೊಳ್ಳೋಣ. ವೇದಿಕೆಯ ಮೇಲೆ ಏನು ನಡೆಯುತ್ತದೋ, ಅಂದರೆ ಹಾಡು, ಪ್ರಸಂಗ, ನಾಟಕ, ಅದರ ಮೇಲಿರುವುದು ಕೃತಿಸ್ವಾಮ್ಯ. ಅದು ಹೇಗೆ ಮನೆಗೆ ಮುಟ್ಟುತ್ತದೋ, ಆ ಯಂತ್ರದ ಮತ್ತು ವಿಧಾನದ ಮೇಲಿರಬಹುದಾದದ್ದು ಪೇಟೆಂಟ್. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಯಾರು ಪ್ರದರ್ಶಿಸಬಹುದೆಂಬ ವ್ಯಾಜ್ಯ, ಕಾರಂತರ ಮರಣಶಾಸನದಿಂದ ಹಕ್ಕು ಪಡೆದವರಿಗೂ ಮಣಿಪಾಲದ ಅಕಾಡೆಮಿಗೂ ನಡುವೆ ನಡೆದು, ೨೦೦೯ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅದು ಕೃತಿಸ್ವಾಮ್ಯದ ವ್ಯಾಜ್ಯ, ೧೯೫೭ರ ಬೇರೆಯೇ ಕಾಯಿದೆಯ ಕೆಳಗೆ ಬರುವಂಥದು. ಮೇಳದವರ ಒಪ್ಪಿಗೆಯಿಲ್ಲದೆ ಅವರ ಆಟವನ್ನು ಪ್ರಸಾರ ಮಾಡಿದರೆ ತಕರಾರು ಬರುವುದು ಆ ದಾರಿಯಿಂದ. ಸಂಘಗಳು ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಅಲ್ಲಿ: ಕಲಾವಿದರಿಂದ ಲಿಖಿತ ಒಪ್ಪಿಗೆ ಪಡೆದುಕೊಳ್ಳಬೇಕು. ಇನ್ನು ಈ ಲೇಖನದ ವಿಷಯವಾದ ಪೇಟೆಂಟಿಗೆ ಬರೋಣ.

ಚಿತ್ರ ಮನೆಗೆ ಮುಟ್ಟುವ ಬಗೆ

ಪೇಟೆಂಟ್ ಯಾವುದರ ಮೇಲಿದೆ ಎಂದು ತಿಳಿಯಬೇಕಾದರೆ ಯಂತ್ರ ಕೆಲಸ ಮಾಡುವ ಬಗೆ ಸ್ವಲ್ಪ ಗೊತ್ತಿರಬೇಕು. ಕ್ಯಾಮೆರಾ ಹಿಡಿದ ಚಿತ್ರವನ್ನು ಇದ್ದ ಹಾಗೆಯೇ ಕಳುಹಿಸಲು ಸಾಧ್ಯವಿಲ್ಲ. ೧೯೨೦ಕ್ಕೆ ೧೦೮೦ ಚುಕ್ಕಿಗಳ ಚಿತ್ರ ಸೆಕೆಂಡಿಗೆ ೨೫ರಂತೆ ಬಂದರೆ, ಪ್ರತಿ ಚುಕ್ಕಿಗೆ ೨೪ ಬಿಟ್‌ಗಳಂತೆ ಸೆಕೆಂಡಿಗೆ ೧೨೪ ಕೋಟಿ ಬಿಟ್ ಆಗುತ್ತದೆ. ಅದನ್ನು ಸಂಕೋಚನ ಮಾಡಿ ೪೦–೫೦ ಲಕ್ಷಕ್ಕೆ ಇಳಿಸುತ್ತಾರೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳುಹಿಸುವುದು ಇದರ ಮುಖ್ಯ ಉಪಾಯ. ಹಿಂದಿನ ಪರದೆ ಅಲುಗಾಡದಿದ್ದರೆ ಅದನ್ನು ಮತ್ತೆ ಮತ್ತೆ ಏಕೆ ಕಳುಹಿಸಬೇಕು? ಕುಣಿಯುವ ವೇಷವನ್ನಷ್ಟು ಕಳುಹಿಸಿದರೆ ಸಾಕು.

ಎರಡನೆಯದು ತುಂಡುಮಾಡುವ ಕೆಲಸ. ಹರಿಯುವ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು, ದೂರದ ಸರ್ವರ್ ಗಣಕಕ್ಕೆ ಏರಿಸುತ್ತಾರೆ. ನೋಡುವವನ ಮೊಬೈಲು ಪಟ್ಟಿ ನೋಡಿಕೊಂಡು ಒಂದೊಂದೇ ತುಂಡನ್ನು ತರಿಸಿಕೊಂಡು ಸೇರಿಸಿ ತೋರಿಸುತ್ತದೆ. ಆ್ಯಪಲ್ ಕಂಪನಿ ೨೦೦೯ರಲ್ಲಿ ತನ್ನ ಐಫೋನಿಗಾಗಿ ತಂದ ಏರ್ಪಾಡು ಇಂಥದೇ. ಗೂಡ್ಸ್ ಗಾಡಿಯ ಸರಕನ್ನು ಒಂದೊಂದು ಡಬ್ಬಿಗೆ ನಂಬರು ಹಾಕಿ ಕಳುಹಿಸಿದಂತೆ ಎಂದು ತಿಳಿಯಬಹುದು. ಪ್ರತಿ ತುಂಡನ್ನೂ ದಪ್ಪ, ಸಣ್ಣ, ಅತಿ ಸಣ್ಣ ಎಂದು ಮೂರು ನಾಲ್ಕು ಗಾತ್ರಗಳಲ್ಲಿ ಸಿದ್ಧವಿಟ್ಟಿರುತ್ತಾರೆ. ಜಾಲದಲ್ಲಿ ನೂಕುನುಗ್ಗಲಾದಾಗ ಮೊಬೈಲು ಸಣ್ಣದನ್ನು ತರಿಸಿಕೊಳ್ಳುತ್ತದೆ. ಚಿತ್ರ ಒಮ್ಮೊಮ್ಮೆ ಮಸಕಾಗಿ ಮತ್ತೆ ತಿಳಿಯಾಗುವುದು ಇದರಿಂದಲೇ.

ಮೂರನೆಯದು ಹಂಚಿಕೆ. ಲಕ್ಷಾಂತರ ಜನ ಒಂದೇ ಗಣಕದ ಬಾಗಿಲಿಗೆ ಬಂದರೆ ಅದು ಕುಸಿದುಬೀಳುತ್ತದೆ. ಆದ್ದರಿಂದ ಊರೂರಿನ ರೇಷನ್ ಗೋದಾಮಿನಲ್ಲಿ ಧಾನ್ಯವಿಡುವಂತೆ, ತುಂಡುಗಳ ನಕಲುಗಳನ್ನು ಹತ್ತಿರದ ಸರ್ವರುಗಳಲ್ಲಿ ಇಡುತ್ತಾರೆ. ೨೦೨೩ರ ನವೆಂಬರ್ ೧೯ರ ವಿಶ್ವಕಪ್ ಕ್ರಿಕೆಟ್ ಅಂತಿಮ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ೫.೯ ಕೋಟಿ ಜನ ನೋಡಲಾದದ್ದು ಈ ಗೋದಾಮುಗಳ ಬಲದಿಂದ.

ಸಂಕೋಚನ, ತುಂಡುಮಾಡುವಿಕೆ, ಹಂಚಿಕೆ: ಈ ಮೂರರಲ್ಲಿಯೂ ಜಗತ್ತಿನಲ್ಲಿ ಸಾವಿರಾರು ಪೇಟೆಂಟುಗಳಿವೆ. “ನೇರ ಪ್ರಸಾರದ ಪೇಟೆಂಟ್” ಎಂಬ ಒಂದೇ ಒಂದು ಕಾಗದ ಯಾರ ಪೆಟ್ಟಿಗೆಯಲ್ಲಿಯೂ ಇಲ್ಲ.

ಚಕ್ಕುಬಂದಿಯನ್ನು ಓದಬೇಕು

ಊರಿನಲ್ಲಿ ಹೊಲ ಕೊಂಡವರಿಗೆ ಗೊತ್ತಿದೆ: ಕ್ರಯಪತ್ರದಲ್ಲಿ ಹೊಲದ ಹೆಸರಿಗಿಂತ ಮುಖ್ಯವಾದದ್ದು ಚಕ್ಕುಬಂದಿ. ಮೂಡಲಿಗೆ ಹಳ್ಳ, ಪಡುವಲಿಗೆ ಗಾಡಿದಾರಿ ಎಂದು ಬರೆದದ್ದರ ಒಳಗೆ ಮಾತ್ರ ಒಡೆತನ. ಪೇಟೆಂಟಿನ ಕಡೆಯ ಪುಟಗಳಲ್ಲಿಯೂ ಇಂಥ ಚಕ್ಕುಬಂದಿ ಇರುತ್ತದೆ. ಅದಕ್ಕೆ ಕ್ಲೇಮುಗಳು ಎನ್ನುತ್ತಾರೆ. ತಲೆಬರಹದಲ್ಲಿ “ಜಾಲದಲ್ಲಿ ನೇರ ಪ್ರಸಾರ” ಎಂದಿದ್ದ ಮಾತ್ರಕ್ಕೆ ನೇರ ಪ್ರಸಾರವೆಲ್ಲ ಅವರದಾಗುವುದಿಲ್ಲ. ಕ್ಲೇಮಿನಲ್ಲಿ ಐದು ಹಂತಗಳನ್ನು ಹೇಳಿದ್ದರೆ, ಆ ಐದೂ ನಡೆದರೆ ಮಾತ್ರ ಉಲ್ಲಂಘನೆ; ನಾಲ್ಕು ನಡೆದು ಒಂದು ನಡೆಯದಿದ್ದರೆ ಸಾಮಾನ್ಯವಾಗಿ ಉಲ್ಲಂಘನೆಯಾಗದು.

ಇದಕ್ಕೆ ಒಳ್ಳೆಯ ನಿದರ್ಶನ ಇಸ್ರೇಲಿನ ಎಂಬ್ಲೇಜ್ ಕಂಪನಿಯದು. ಅದು ೧೯೯೯ರಲ್ಲಿ ಅರ್ಜಿ ಕೊಟ್ಟು ೨೦೦೨ರಲ್ಲಿ ಅಮೇರಿಕದಲ್ಲಿ ಪೇಟೆಂಟ್ ಪಡೆಯಿತು. ಅದರ ಮೊದಲ ಕ್ಲೇಮಿನ ಸಾರ ಹೀಗೆ: ಗೊತ್ತಾದ ವೇಗದ ಮಾಹಿತಿಪ್ರವಾಹವನ್ನು ತೆಗೆದುಕೊಳ್ಳುವುದು, ಅದನ್ನು ಮೊದಲೇ ನಿಗದಿಯಾದ ಗಾತ್ರದ ತುಂಡುಗಳಾಗಿ ಮಾಡುವುದು, ಪ್ರತಿ ತುಂಡನ್ನೂ ಕ್ರಮಸೂಚಿಯುಳ್ಳ ಕಡತವಾಗಿಸುವುದು, ಪ್ರವಾಹದ ವೇಗಕ್ಕೆ ಸುಮಾರು ಸಮನಾದ ವೇಗದಲ್ಲಿ ಸರ್ವರಿಗೆ ಏರಿಸುವುದು, ನೋಡುವವರು ಅದೇ ವೇಗದಲ್ಲಿ ಇಳಿಸಿಕೊಳ್ಳುವಂತಿರುವುದು. ನಾನು ಮೇಲೆ ವಿವರಿಸಿದ ಆ್ಯಪಲ್ ಏರ್ಪಾಡಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲವೆಂದು ವಾಚಕರಿಗೆ ತೋರಬಹುದು. ಎಂಬ್ಲೇಜಿಗೂ ಹಾಗೆಯೇ ತೋರಿ ೨೦೧೦ರಲ್ಲಿ ದಾವೆ ಹೂಡಿತು. “ಗಾತ್ರ” ಎಂದರೇನು, “ಮೊದಲೇ ನಿಗದಿ” ಎಂದರೇನು ಎಂಬಂಥ ಶಬ್ದಗಳ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಕಟ್ಟಕಡೆಗೆ ೨೦೧೪ರ ಜುಲೈಯಲ್ಲಿ ಕ್ಯಾಲಿಫೋರ್ನಿಯದ ಜ್ಯೂರಿ, ಆ್ಯಪಲ್ ಆ ಪೇಟೆಂಟನ್ನು ಉಲ್ಲಂಘಿಸಿಲ್ಲವೆಂದು ಹೇಳಿತು. ದೂರದಿಂದ ಒಂದೇ ಎಂದು ಕಂಡದ್ದು ಚಕ್ಕುಬಂದಿ ಅಳೆದಾಗ ಬೇರೆಯಾಯಿತು. ಆ ಪೇಟೆಂಟಿನ ಅವಧಿಯೂ ಈಗ ತೀರಿಹೋಗಿದೆ.

ಹಂತವನ್ನು ಮಾಡಿದವರು ಯಾರು?

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಐದು ಹಂತಗಳಲ್ಲಿ ನಾಲ್ಕನ್ನು ಕಂಪನಿ ಮಾಡಿ, ಒಂದನ್ನು ಗಿರಾಕಿ ಮಾಡಿದರೆ ತಪ್ಪುಗಾರ ಯಾರು? ಅಮೇರಿಕದಲ್ಲಿ ಅಕಾಮೈ ಎಂಬ ಕಂಪನಿ ಲೈಮ್‌ಲೈಟ್ ಎಂಬ ಇನ್ನೊಂದರ ಮೇಲೆ ೨೦೦೬ರಲ್ಲಿ ಹೂಡಿದ ದಾವೆ ಇದೇ ಪ್ರಶ್ನೆಯದು. ಎರಡೂ ನಾನು ಹೇಳಿದ ಗೋದಾಮಿನ ವ್ಯಾಪಾರದವು. ಯಾವ ಕಡತವನ್ನು ಗೋದಾಮಿನಿಂದ ಕೊಡಬೇಕೆಂದು ಗುರುತು ಹಾಕುವ ಹಂತವನ್ನು ಲೈಮ್‌ಲೈಟಿನವರು ತಾವು ಮಾಡದೆ ಗಿರಾಕಿಗಳಿಂದ ಮಾಡಿಸುತ್ತಿದ್ದರು. ೨೦೧೪ರಲ್ಲಿ ಅಮೇರಿಕದ ಸುಪ್ರೀಂ ಕೋರ್ಟು, ಯಾರೊಬ್ಬರೂ ನೇರವಾಗಿ ಉಲ್ಲಂಘಿಸದಿದ್ದಾಗ ಪ್ರಚೋದಿಸಿದರೆಂಬ ತಪ್ಪೂ ನಿಲ್ಲದೆಂದಿತು. ಕೆಳಗಿನ ಮೇಲ್ಮನವಿ ನ್ಯಾಯಾಲಯ ೨೦೧೫ರಲ್ಲಿ ಅದನ್ನು ಬೇರೆ ದಾರಿಯಿಂದ ನೋಡಿತು: ಗಿರಾಕಿ ಯಾವಾಗ, ಹೇಗೆ ಆ ಹಂತವನ್ನು ಮಾಡಬೇಕೆಂದು ಗೊತ್ತುಮಾಡಿ, ಹಾಗೆ ಮಾಡಿದರೆ ಮಾತ್ರ ಸೇವೆ ಎಂದು ಕಟ್ಟುಹಾಕಿದವರು ಲೈಮ್‌ಲೈಟಿನವರೇ, ಆದುದರಿಂದ ಹೊಣೆಯೂ ಅವರದೇ ಎಂದಿತು. ೨೦೧೬ರಲ್ಲಿ ಲೈಮ್‌ಲೈಟ್ ೫ ಕೋಟಿ ೪೦ ಲಕ್ಷ ಡಾಲರು ಕೊಡಲು ಒಪ್ಪಿ ರಾಜಿಯಾಯಿತು.

ಇದು ಪರದೇಶದ ತೀರ್ಪು; ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವಂಥದಲ್ಲ. ಆದರೆ ಅದರೊಳಗಿನ ವಿವೇಕ ಗಮನಿಸತಕ್ಕದ್ದು. ಏರ್ಪಾಡನ್ನು ಕಟ್ಟಿ ನಡೆಸುವವನ ಕಡೆಗೆ ಹೊಣೆ ಹೋಯಿತೇ ಹೊರತು ಗುಂಡಿ ಒತ್ತಿದ ಗಿರಾಕಿಯ ಕಡೆಗೆ ಹೋಗಲಿಲ್ಲ.

ಬೆದರಿಕೆಯ ಕಾಗದ

ಬಡಪಾಯಿಗಳಿಗೆ ಹೆಚ್ಚಾಗಿ ತೊಂದರೆಯಾಗುವುದು ದಾವೆಯಿಂದಲ್ಲ, ದಾವೆಯ ಅಂಜಿಕೆಯಿಂದ. ಅಮೇರಿಕದ ಅಕೇಸಿಯಾ ಎಂಬ ಕಂಪನಿಯ ಕೈಯಲ್ಲಿ ೧೯೯೨ರ ಒಂದು ಪೇಟೆಂಟೂ ಅದರ ಸೋದರ ಪೇಟೆಂಟುಗಳೂ ಇದ್ದವು. ಗಣಕಜಾಲದಲ್ಲಿ ಧ್ವನಿಚಿತ್ರಗಳನ್ನು ಸಂಕೋಚಿಸಿ ಕಳುಹಿಸುವವರೆಲ್ಲ ತನಗೆ ಹಣ ಕೊಡಬೇಕೆಂದು ಅದು ಹೇಳಿತು. ಮೊದಲು ಸಣ್ಣಪುಟ್ಟ ಅಂತರ್ಜಾಲ ವ್ಯಾಪಾರಿಗಳಿಗೆ, ಆಮೇಲೆ ಅಂಚೆ ಪಾಠ ನಡೆಸುವ ಕಾಲೇಜುಗಳಿಗೂ ಕಾಗದ ಹೋಯಿತು. ವಕೀಲರ ಖರ್ಚಿಗಿಂತ ಕೇಳಿದ ಹಣವೇ ಕಡಿಮೆಯೆಂದು ಅನೇಕರು ಕೊಟ್ಟುಬಿಟ್ಟರು. ಕೆಲವರು ಮಾತ್ರ ನಿಂತು ಹೋರಾಡಿದರು. ೨೦೦೯ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ ಆ ಕ್ಲೇಮುಗಳು ಅಸಿಂಧುವೆಂದು ತೀರ್ಮಾನಿಸಿತು. ೨೦೧೦ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ಉಳಿಯಿತು. ಕ್ಲೇಮಿನ ಶಬ್ದಗಳಿಗೆ ಗೊತ್ತಾದ ಅರ್ಥವೇ ಹೊರಡುವುದಿಲ್ಲವೆಂಬುದು ಅಲ್ಲಿನ ದೋಷ. ಆರ್ಕ್‌ರೈಟನ ಮಸಕು ವಿವರ ವಾಚಕರಿಗೆ ನೆನಪಾಗಬಹುದು. ಅಷ್ಟರಲ್ಲಿ ಹಣ ಕೊಟ್ಟವರು ಕೊಟ್ಟಾಗಿತ್ತು.

ಇಂಥ ಬೆದರಿಕೆಗೆ ನಮ್ಮ ಕಾಯಿದೆಯಲ್ಲಿ ಮದ್ದಿದೆ. ಪೇಟೆಂಟ್ ಸಿಕ್ಕ ಮಾತ್ರಕ್ಕೆ ಅದು ಸಿಂಧುವೆಂಬ ಖಾತರಿಯನ್ನು ಸರಕಾರ ಕೊಡುವುದಿಲ್ಲವೆಂದು ೧೩ನೆಯ ಕಲಮು ಹೇಳುತ್ತದೆ. ಆಧಾರವಿಲ್ಲದೆ ದಾವೆಯ ಬೆದರಿಕೆ ಹಾಕಿದವನ ಮೇಲೆ ನಾವೇ ನ್ಯಾಯಾಲಯಕ್ಕೆ ಹೋಗಿ, ಬೆದರಿಕೆ ಸಕಾರಣವಲ್ಲವೆಂಬ ಘೋಷಣೆಯನ್ನೂ ತಡೆಯಾಜ್ಞೆಯನ್ನೂ ನಷ್ಟಪರಿಹಾರವನ್ನೂ ಕೇಳಲು ೧೦೬ನೆಯ ಕಲಮು ಅವಕಾಶ ಕೊಡುತ್ತದೆ. “ಇಂಥ ಪೇಟೆಂಟ್ ನಮ್ಮಲ್ಲಿದೆ” ಎಂದು ಬರಿದೆ ತಿಳಿಸುವುದು ಬೆದರಿಕೆಯಲ್ಲ ಎಂಬುದನ್ನೂ ಅದೇ ಕಲಮು ಹೇಳುತ್ತದೆ. ಪೇಟೆಂಟ್ ಇದೆಯೆಂದು ಗೊತ್ತಿರಲಿಲ್ಲ, ಗೊತ್ತಿರಲು ಕಾರಣವೂ ಇರಲಿಲ್ಲವೆಂದು ರುಜುವಾತು ಪಡಿಸಿದವನಿಂದ ನಷ್ಟಪರಿಹಾರ ಕೊಡಿಸಬಾರದೆಂದು ೧೧೧ನೆಯ ಕಲಮಿನ ವಿಧಿ. ಆದರೆ ನೆನಪಿಡಿರಿ: ಕಾಗದ ಕೈಸೇರಿದ ಮೇಲೆ “ಗೊತ್ತಿರಲಿಲ್ಲ” ಎನ್ನಲಾಗದು. ಆದುದರಿಂದ ಹೆದರಿ ಹಣ ಕೊಡುವುದೂ ತಪ್ಪು, ಹರಿದು ಬುಟ್ಟಿಗೆ ಹಾಕುವುದೂ ತಪ್ಪು.

ನಮ್ಮ ದೇಶದ ಕಾಯಿದೆ ಏನನ್ನುತ್ತದೆ?

ಮೊದಲನೆಯದಾಗಿ, ಪೇಟೆಂಟಿಗೆ ದೇಶದ ಗಡಿ ಉಂಟು. ಅಮೇರಿಕದಲ್ಲಿ ಪಡೆದ ಪೇಟೆಂಟ್ ಠಾಣೆಯಲ್ಲಿ ನಡೆಯುವುದಿಲ್ಲ. ಇಲ್ಲಿಯೂ ಅರ್ಜಿ ಕೊಟ್ಟು ಪಡೆದಿದ್ದರೆ ಮಾತ್ರ ನಡೆಯುತ್ತದೆ. ಆದರೆ ನಮ್ಮ ತರುಣರು ತಮ್ಮ ಆ್ಯಪನ್ನು ಅಮೇರಿಕದ ಕನ್ನಡ ಕೂಟಗಳಿಗೂ ಮಾರಲು ಹೊರಟರೆ ಅಲ್ಲಿಯ ಕಾಯಿದೆಯನ್ನೂ ನೋಡಬೇಕಾಗುತ್ತದೆ.

ಎರಡನೆಯದಾಗಿ, ಗಣಿತವಿಧಾನ, ವ್ಯಾಪಾರವಿಧಾನ, ಆಲ್ಗಾರಿದಂ ಮತ್ತು ಬರಿಯ ಗಣಕ ಕಾರ್ಯಕ್ರಮಗಳಿಗೆ ಪೇಟೆಂಟ್ ಇಲ್ಲವೆಂದು ೩ನೆಯ ಕಲಮಿನಲ್ಲಿ ಹೇಳಿದೆ. ೨೦೦೪ರ ಕೊನೆಯಲ್ಲಿ ಸುಗ್ರೀವಾಜ್ಞೆಯೊಂದು ಈ ಬೇಲಿಯನ್ನು ಸಡಿಲಿಸಿತ್ತು. ೨೦೦೫ರಲ್ಲಿ ಪಾರ್ಲಿಮೆಂಟು ಆ ಸಡಿಲಿಕೆಯನ್ನು ಕೈಬಿಟ್ಟಿತು. ಹಾಗೆಂದು ಸಾಫ್ಟ್‌ವೇರ್ ಇದ್ದಲ್ಲೆಲ್ಲ ಪೇಟೆಂಟೇ ಇಲ್ಲವೆಂದು ಭಾವಿಸಬಾರದು. ಶೋಧದಿಂದ ತಾಂತ್ರಿಕ ಪರಿಣಾಮವೊಂದು ಸಿದ್ಧಿಸಿದರೆ, ಅದು ಗಣಕ ಕಾರ್ಯಕ್ರಮದಿಂದ ನಡೆಯುತ್ತದೆಂಬ ಕಾರಣಕ್ಕೆ ಮಾತ್ರ ತಳ್ಳಿಹಾಕಲಾಗದೆಂದು ದಿಲ್ಲಿ ಹೈಕೋರ್ಟು ೨೦೧೯ರ ಡಿಸೆಂಬರಿನಲ್ಲಿ ಫರೀದ್ ಅಲ್ಲಾನಿ ಅವರ ಪ್ರಕರಣದಲ್ಲಿ ಹೇಳಿದೆ. ಚಿತ್ರ ತಡೆಯಿಲ್ಲದೆ ಬರುವಂತೆ ಮಾಡುವ ಉಪಾಯಗಳು ಇಂಥ ಪರಿಣಾಮವನ್ನು ತೋರಿಸಿ ಒಳಗೆ ಬರಬಹುದು.

ಮೂರನೆಯದಾಗಿ, “ನಾವು ಉಚಿತವಾಗಿ ಮಾಡುತ್ತೇವೆ, ನಮ್ಮದು ಧರ್ಮಸಂಸ್ಥೆ” ಎಂಬ ಕಾರಣಕ್ಕೆ ಕಾಯಿದೆ ವಿನಾಯಿತಿ ಕೊಟ್ಟಿಲ್ಲ. ಪ್ರಯೋಗ, ಸಂಶೋಧನೆ ಮತ್ತು ವಿದ್ಯಾರ್ಥಿಗಳಿಗೆ ಕಲಿಸುವುದು, ಇವಕ್ಕೆ ೪೭ನೆಯ ಕಲಮಿನಲ್ಲಿ ರಿಯಾಯತಿ ಉಂಟು.

ನಾಲ್ಕನೆಯದಾಗಿ, ದಾವೆ ಹೂಡಬೇಕಾದರೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ನಮ್ಮವರ ಮೇಲೆ ಠಾಣೆಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಬಂತೆನ್ನಿ; ಪೇಟೆಂಟೇ ರದ್ದಾಗಬೇಕೆಂದು ನಾವು ಪ್ರತಿದಾವೆ ಹಾಕಿದರೆ ಇಡೀ ಪ್ರಕರಣ ಮುಂಬಯಿ ಹೈಕೋರ್ಟಿಗೆ ವರ್ಗವಾಗುತ್ತದೆ.

ನಮ್ಮ ದೇಶದಲ್ಲಿ ಚಿತ್ರ ತೋರಿಸುವ ಯಂತ್ರದ ಬಗ್ಗೆ ಪೂರ್ತಿ ವಿಚಾರಣೆಯಾಗಿ ಬಂದ ಹೆಸರಾಂತ ತೀರ್ಪು ಡಿವಿಡಿಯದು. ಹಾಲೆಂಡಿನ ಫಿಲಿಪ್ಸ್ ಕಂಪನಿಗೆ ಇಲ್ಲಿ ೧೮೪೭೫೩ ಎಂಬ ಸಂಖ್ಯೆಯ ಪೇಟೆಂಟ್ ಇತ್ತು. ತಟ್ಟೆಯ ಮೇಲಿನ ಸಂಕೇತವನ್ನು ಬಿಡಿಸಿ ಓದುವ ಸಾಧನ ಅದರ ವಿಷಯ. ಪರವಾನಿಗೆಯಿಲ್ಲದೆ ಡಿವಿಡಿ ಪ್ಲೇಯರು ತಯಾರಿಸಿದ ಇಬ್ಬರು ತಯಾರಕರ ಮೇಲೆ ಅದು ೨೦೦೯ರಲ್ಲಿ ದಾವೆ ಹೂಡಿತು. ದಿಲ್ಲಿ ಹೈಕೋರ್ಟಿನ ತೀರ್ಪು ಬಂದದ್ದು ೨೦೧೮ರ ಜುಲೈ ೧೨ರಂದು; ಪೇಟೆಂಟಿನ ಅವಧಿ ೨೦೧೫ರ ಫೆಬ್ರುವರಿಯಲ್ಲಿಯೇ ಮುಗಿದಿತ್ತು. ಆದರೂ ಹಿಂದಿನ ಮಾರಾಟದ ಮೇಲೆ ಪ್ಲೇಯರೊಂದಕ್ಕೆ ಮೊದಲ ಅವಧಿಗೆ ೩.೧೭೫ ಡಾಲರು, ೨೦೧೦ರ ಮೇ ತಿಂಗಳ ಕೊನೆಯಿಂದ ೧.೯೦ ಡಾಲರಿನಂತೆ ಕೊಡಬೇಕಾಯಿತು. ಬಿಡಿಭಾಗಗಳನ್ನು ಪರವಾನಿಗೆ ಇದ್ದವರಿಂದಲೇ ಕೊಂಡೆವೆಂದು ತಯಾರಕರು ವಾದಿಸಿದರು. ಆದರೆ ಅದನ್ನು ರುಜುವಾತು ಪಡಿಸಲಾಗಲಿಲ್ಲ. ಗುಮಾಸ್ತನಾದ ನನಗೆ ಈ ತೀರ್ಪಿನಲ್ಲಿ ಎದ್ದು ಕಂಡದ್ದು ಇದೇ ಮಾತು. ಬಿಲ್ಲು, ರಸೀದಿ, ಪರವಾನಿಗೆಯ ಪತ್ರ ಇವನ್ನು ಜೋಪಾನವಾಗಿಟ್ಟವನ ವಾದಕ್ಕೆ ಬಲ ಹೆಚ್ಚು.

ಸಂಕೋಚನದ ಬಾಡಿಗೆ

ಸಂಕೋಚನದ ವಿಧಾನಗಳನ್ನು ಒಬ್ಬರು ಕಂಡುಹಿಡಿದದ್ದಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ಎಚ್.೨೬೪ ಎಂಬ ವಿಧಾನ ೨೦೦೩ರಲ್ಲಿ ಸಿದ್ಧವಾಯಿತು; ಅದರಲ್ಲಿ ಹತ್ತಾರು ಕಂಪನಿಗಳ ಪೇಟೆಂಟುಗಳಿವೆ. ಒಬ್ಬೊಬ್ಬರ ಬಾಗಿಲಿಗೂ ಹೋಗುವ ಕಷ್ಟ ತಪ್ಪಿಸಲು ಅವರು ತಮ್ಮ ಪೇಟೆಂಟುಗಳನ್ನು ಒಂದೇ ಕಣಜಕ್ಕೆ ಹಾಕಿ, ಎಂಪೆಗ್ ಎಲ್‌ಎ ಎಂಬ ಸಂಸ್ಥೆಯ ಮೂಲಕ ಪರವಾನಿಗೆ ಕೊಡುತ್ತ ಬಂದರು. ೨೦೨೩ರಲ್ಲಿ ಆ ಸಂಸ್ಥೆ ಇನ್ನೊಂದರೊಡನೆ ಕೂಡಿ ವಯಾ ಎಲ್‌ಎ ಆಯಿತು. ನೋಡುಗರಿಗೆ ಉಚಿತವಾಗಿ ತೋರಿಸುವ ಅಂತರ್ಜಾಲ ಚಿತ್ರಗಳಿಗೆ ಆ ಪರವಾನಿಗೆಯ ಅವಧಿಯುದ್ದಕ್ಕೂ ಬಾಡಿಗೆ ಕೇಳುವುದಿಲ್ಲವೆಂದು ೨೦೧೦ರ ಆಗಸ್ಟಿನಲ್ಲಿ ಎಂಪೆಗ್ ಎಲ್‌ಎ ಘೋಷಿಸಿತ್ತು. ಸಂಘದ ಪುಕ್ಕಟೆ ಪ್ರಸಾರಕ್ಕೆ ಇದು ಸಮಾಧಾನದ ಸಂಗತಿ. ಪೇಟೆಂಟಿನ ಬಾಡಿಗೆಯಿಲ್ಲದೆ ಎಲ್ಲರೂ ಬಳಸಲೆಂದೇ ದೊಡ್ಡ ಕಂಪನಿಗಳು ೨೦೧೫ರಲ್ಲಿ ಒಕ್ಕೂಟ ಕಟ್ಟಿ, ೨೦೧೮ರಲ್ಲಿ ಎವಿ೧ ಎಂಬ ಬೇರೊಂದು ವಿಧಾನವನ್ನು ಹೊರತಂದವು.

ದೊಡ್ಡವರ ಜಗಳ ದೊಡ್ಡವರೊಳಗೆ ನಡೆದೇ ಇರುತ್ತದೆ. ನೋಕಿಯಾ ೨೦೨೩ರ ಅಕ್ಟೋಬರಿನಲ್ಲಿ ಚಿತ್ರಪ್ರಸಾರದ ಪೇಟೆಂಟುಗಳಿಗಾಗಿ ಅಮೆಜಾನಿನ ಮೇಲೆ ಹಲವು ದೇಶಗಳಲ್ಲಿ ದಾವೆ ಹೂಡಿ, ೨೦೨೫ರಲ್ಲಿ ರಾಜಿಯಾಯಿತು. ಅವರ ದಾವೆಗಳು ಹೋಗುವುದು ಏರ್ಪಾಡು ನಡೆಸಿ ಲಾಭ ಪಡೆಯುವವರ ಮನೆಗೆ.

ಹಾಗಾದರೆ ನಾವು ಮಾಡತಕ್ಕದ್ದೇನು?

ಮನೆಯಲ್ಲಿ ಕುಳಿತು ನೋಡುವವರು ಚಿಂತೆಯಿಲ್ಲದೆ ನೋಡಲಿ. ಮೊಬೈಲನ್ನು ಅಂಗಡಿಯಲ್ಲಿ ಬಿಲ್ಲು ಪಡೆದು ಕೊಂಡವನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ.

ಪ್ರಸಾರ ಮಾಡುವ ಸಂಘ, ಹೆಸರುವಾಸಿಯಾದ ವೇದಿಕೆಯ ಮೂಲಕ ಮಾಡುತ್ತಿದ್ದರೆ, ತುಂಡುಮಾಡುವ, ಹಂಚುವ ಏರ್ಪಾಡೆಲ್ಲ ಆ ವೇದಿಕೆಯವರದು. ಸಂಘದವರು ಸಂಕೋಚನದ ಪೆಟ್ಟಿಗೆಯನ್ನೋ ಕ್ಯಾಮೆರಾವನ್ನೋ ಕೊಳ್ಳುವಾಗ ಗೊತ್ತಾದ ತಯಾರಕರದನ್ನೇ ಕೊಂಡು, ಬಿಲ್ಲನ್ನು ಕಡತದಲ್ಲಿಡಬೇಕು. ಪೇಟೆಯ ಮೂಲೆ ಅಂಗಡಿಯ ಹೆಸರಿಲ್ಲದ ಅಗ್ಗದ ಪೆಟ್ಟಿಗೆ ಬೇಡ. ಇಷ್ಟು ಮಾಡಿದ ಸಂಘ ಪೇಟೆಂಟಿಗೆ ಅಂಜಿ ಪ್ರಸಾರ ನಿಲ್ಲಿಸುವುದು, ಕಳ್ಳರ ಭಯಕ್ಕೆ ಮನೆಯನ್ನೇ ಕಟ್ಟದಿದ್ದಂತೆ.

ಆ್ಯಪ್ ಕಟ್ಟುವ ತರುಣರು ಮಾತ್ರ ಓದಬೇಕು. ಪೇಟೆಂಟ್ ಕಚೇರಿಯ ಅಂತರ್ಜಾಲ ಶೋಧಪುಟದಲ್ಲಿ ಭಾರತದ ಅರ್ಜಿಗಳನ್ನೂ ಪೇಟೆಂಟುಗಳನ್ನೂ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಮಹಾರಾಷ್ಟ್ರದ ಅರ್ಜಿಗಳನ್ನು ನೋಡುವ ಶಾಖೆ ಮುಂಬಯಿಯ ಅಂಟಾಪ್ ಹಿಲ್‌ನಲ್ಲಿದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಶಾಖೆಗೆ ಹೋಗುತ್ತವೆ. ಪೇಟೆಂಟ್ ಜೀವಂತವಿದೆಯೇ, ಭಾರತದಲ್ಲಿದೆಯೇ, ಕ್ಲೇಮಿನ ಪ್ರತಿಯೊಂದು ಹಂತವೂ ನಮ್ಮಲ್ಲಿ ನಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಒಂದು ವಹಿಯಲ್ಲಿ ಬರೆದು, ತಾರೀಖು ಹಾಕಿ ಉತ್ತರಿಸುತ್ತ ಹೋಗಬೇಕು. ಹಾಗೆಯೇ ಯಾರದೋ ಅರ್ಜಿ ಪ್ರಕಟವಾಗಿದ್ದು, ಅದರಲ್ಲಿರುವುದು ಹಳೆಯ, ಎಲ್ಲರಿಗೂ ತಿಳಿದ ವಿಧಾನವೆಂದು ಕಂಡರೆ, ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ವಿರೋಧ ಸಲ್ಲಿಸಲು ೨೫ನೆಯ ಕಲಮು ದಾರಿ ತೆರೆದಿದೆ. ತರುಣರು ಹೊಸತೇನಾದರೂ ಕಂಡುಹಿಡಿದರೆ, ಹತ್ತು ಜನಕ್ಕೆ ತೋರಿಸುವ ಮುನ್ನ ಅರ್ಜಿ ಕೊಡುವ ವಿಚಾರ ಮಾಡಲಿ. ಜಾನ್ ಕೇಯ ಗತಿ ಅವರಿಗೆ ಬರಬಾರದು.

ಯಾರಿಗಾದರೂ ಕಾಗದ ಬಂದರೆ, ಲಕೋಟೆಯ ಸಮೇತ ಇಟ್ಟುಕೊಂಡು, ಪೇಟೆಂಟಿನ ಸಂಖ್ಯೆ ಮತ್ತು ಯಾವ ಕ್ಲೇಮು ಎಂದು ಬರವಣಿಗೆಯಲ್ಲಿ ಕೇಳಬೇಕು. ಸಂಖ್ಯೆಯನ್ನೇ ಹೇಳದೆ ಹಣ ಕೇಳುವವನಿಗೆ ಹಣ ಕೊಡತಕ್ಕದ್ದಲ್ಲ. ಸಂಖ್ಯೆ ಹೇಳಿದರೆ ಪೇಟೆಂಟ್ ಬಲ್ಲ ವಕೀಲರಿಗೆ ತೋರಿಸಿ, ಗಡುವಿನೊಳಗೆ ಉತ್ತರ ಬರೆಯಬೇಕು.

ಪೇಟೆಂಟ್ ಎಂಬುದು ತೆರೆದ ಪತ್ರ. ಓದಲು ಬಲ್ಲವರಿಗೆ ಅದರಲ್ಲಿ ಅಂಜಿಕೆಗಿಂತ ವಿದ್ಯೆಯೇ ಹೆಚ್ಚು. ಶೋಧಪುಟವನ್ನು ಬಳಸುವ ಬಗೆಯನ್ನು ಆಸಕ್ತ ತರುಣರಿಗೆ ಭಾನುವಾರ ಬೆಳಿಗ್ಗೆ ವಾಚನಾಲಯದ ಗಣಕದಲ್ಲಿ ತೋರಿಸಲಾಗುವುದು. ಬರುವವರು ಒಂದು ವಹಿಯನ್ನೂ ಪೆನ್ಸಿಲನ್ನೂ ತರುವ ಕೃಪೆ ಮಾಡಬೇಕು.